ಇಳಿಜಾರಿನ ಸೈಟು

“ಎತ್ರಯ್ಯಾ ಇನ್ನೊಂದ್ಸಲ. ಹಾಂ, ಬಲಕ್ಕೆ ತಳ್ಳಿ. ಇನ್ನೂ... ಇನ್ನೂ ಸ್ವಲ್ಪ. ಬಿಡಬೇಡ್ರೋ, ಬಿಡಬೇಡ್ರೋ!”

ಬಿಟ್ಟರು. ಗುರುಬಸಪ್ಪನ ದೇಹ ಮತ್ತೆ ಎಡಕ್ಕೆ ವಾಲಿಕೊಂಡಿತು.

ನಾಲ್ಕು ಜನ ಗಂಡಸರು ಆಗಲಿಂದ ಬೆವರಿಳಿಸುತ್ತಿದ್ದರು. ಅವರ ಜನದಲ್ಲಿ ಸತ್ತವರನ್ನು ಮಲಗಿಸುವುದಿಲ್ಲ, ಕೂರಿಸಿಯೇ ಮಣ್ಣು ಮಾಡುವುದು. ಗೋಡೆಗೆ ಮೊಳೆ ಹೊಡೆದಾಯಿತು, ಹಳೇ ಪಂಚೆ ಹರಿದು ಎದೆಗೊಂದು ಗದ್ದಕ್ಕೊಂದು ಕಟ್ಟು ಬಿಗಿದಾಯಿತು, ಎಡಪಕ್ಕೆಗೆ ದಿಂಬು ತುರುಕಿದ್ದೂ ಆಯಿತು. ಊಹೂಂ. ಎಡಭುಜ ಕೆಳಗೆ, ಬಲಭುಜ ಮೇಲೆ. ಹಣೆಗೆ ಬಳಿದ ವಿಭೂತಿಯೂ ಓರೆಯಾಗಿ ಕಾಣುತ್ತಿತ್ತು.

ಮೂಲೆಯಲ್ಲಿ ಹೊಲಿಗೆ ಮಿಷನ್ನಿಗೆ ಒರಗಿ ಕೂತಿದ್ದ ನೀಲಗಂಗಮ್ಮ ಇದನ್ನೆಲ್ಲ ನೋಡುತ್ತಿದ್ದಳು. ಅಳು ಬರಬೇಕಿತ್ತು, ಸಿಟ್ಟು ಬಂತು. ಬದುಕಿದ್ದಾಗ ಯಾವತ್ತು ನೆಟ್ಟಗೆ ನಿಂತಿತ್ತು ಈ ಪ್ರಾಣಿ, ಈಗ ನೆಟ್ಟಗೆ ಕೂರೋಕೆ? ಹೆಂಡತಿ ಹೇಳಿದರೆ ಕೇಳಲಿಲ್ಲ, ಊರವರು ನಕ್ಕರೆ ಕೇಳಲಿಲ್ಲ, ಈಗ ನಾಲ್ಕು ಜನ ಹಿಡಿದು ಎಳೆದರೂ ಕೇಳುತ್ತಿಲ್ಲ. ಹೋಗೋ ದಿನವೂ ನಾಲ್ಕು ಮಂದಿಯ ಎದುರಿಗೆ ಮಾನ ಕಳೆಯಬೇಕೇ, ಶಿವನೇ!

“ಮೈ ಸೆಟ್ಕೊಂಡ್ಬುಟ್ಟದೆ ಕಣಮ್ಮ,” ಎಂದ ಮುನಿರಾಮಯ್ಯ. ಬೆಳಿಗ್ಗೆ ಹೇರೋಹಳ್ಳಿಯಿಂದ ಗುರುಬಸಪ್ಪನನ್ನು ಟೆಂಪೋದಲ್ಲಿ ಹಾಕಿಕೊಂಡು ಬಂದಿದ್ದವನು ಅವನೇ. “ನಾನು ನೋಡ್ದಾಗ್ಲೇ ಹಿಂಗೇ ಕುಂತಿದ್ರು. ದನ ಹೊಡ್ಕೊಂಡು ಹೋಯ್ತಿದ್ನಾ, ದೊಣ್ಣೆ ಸ್ವಾಮೇರು ಇಳುಕ್ಲಲ್ಲಿ ಕುಂತವ್ರೆ, ಬಂಡೆಗೆ ಒರಗವ್ರೆ. ಸುಸ್ತಾಗಿರಬೇಕು ಅಂತ ಮುಂದಕ್ಕೆ ಹೋದೆ. ಬರ್ತಾ ನೋಡ್ತೀನಿ, ಹಂಗೇ ಕುಂತವ್ರೆ. ‘ಸ್ವಾಮೇ’ ಅಂದೆ. ಉಲುಕಿಲ್ಲ. ತೊಡೆ ಮೇಲೆ ದೊಣ್ಣೆ ಹಂಗೇ ಇತ್ತು.”

ದೊಣ್ಣೆ ಸ್ವಾಮೇರು! ಇಪ್ಪತ್ತು ವರ್ಷ ರಾಜಾಜಿನಗರದ ಫ್ಯಾಕ್ಟರಿಯಲ್ಲಿ ಸ್ಟೋರ್ ಕೀಪರಾಗಿದ್ದ ಮನುಷ್ಯ ಊರಲ್ಲಿ ಸಂಪಾದಿಸಿದ ಬಿರುದು ಇದು. ಆ ದೊಣ್ಣೆ ಈಗ ಬಚ್ಚಲುಮನೆ ಬಾಗಿಲ ಹಿಂದೆ ನಿಂತಿತ್ತು. ಹಿಡಿಯ ರಬ್ಬರು ಸವೆದು, ಅಲ್ಲಲ್ಲಿ ಸೈಕಲ್ ಟ್ಯೂಬು ಸುತ್ತಿದ ಒಂದು ಗಾಲ್ಫ್ ಕೋಲು.

ಅದನ್ನು ಕೊಟ್ಟ ಪುಣ್ಯಾತ್ಮ ಇನ್ನೂ ಬಂದಿರಲಿಲ್ಲ. ಪುಣ್ಯಾತ್ಮ ಅಂದರೆ ಗುರುಬಸಪ್ಪನ ಅಣ್ಣ ಚನ್ನವೀರಪ್ಪ. ರಿಟೈರಾದ ಎಂಜಿನಿಯರ್ ಸಾಹೇಬರು. ರಾಜಾಜಿನಗರದಲ್ಲಿ ಮಹಡಿ ಮನೆ, ಫಿಯೆಟ್ ಕಾರು, ಭಾನುವಾರ ಬೆಳಿಗ್ಗೆ ಕ್ಲಬ್ಬಿನಲ್ಲಿ ಗಾಲ್ಫು. ಹೆಂಡತಿ ಶಿವಕ್ಕ ಮಾತ್ರ ಆಟೋದಲ್ಲಿ ಮೊದಲೇ ಬಂದು, ಒಗೆದ ಸೀರೆ ಮುದುರದ ಹಾಗೆ ಚಾಪೆಯ ಅಂಚಿನಲ್ಲಿ ಕೂತಿದ್ದಳು.

“ಭಾವ ಎಲ್ಲಿ ಅಕ್ಕ?” ಎಂದು ನೀಲಗಂಗಮ್ಮ ಎರಡನೇ ಸಲ ಕೇಳಿದಳು.

“ಬರ್ತಾರೆ ಕಣೇ. ಕ್ಲಬ್ಬಿಗೆ ಫೋನ್ ಮಾಡ್ಸಿದ್ದೆ. ಅರ್ಧ ಆಟದಲ್ಲಿದ್ರಂತೆ. ನಡುವೆ ಬಿಟ್ಟು ಬಂದ್ರೆ ಜೊತೇಲಿ ಆಡೋರಿಗೆ ತೊಂದರೆ ಆಗುತ್ತಲ್ಲ.”

“ಹೌದೌದು. ತೊಂದರೆ ಆಗುತ್ತೆ. ಆಟ ಮುಗೀಲಿ,” ಎಂದಳು ನೀಲಗಂಗಮ್ಮ. “ಇವರೇನು ಎಲ್ಲೂ ಎದ್ದು ಹೋಗಲ್ಲ.”

ಶಿವಕ್ಕ ತಲೆ ತಗ್ಗಿಸಿ ಸೆರಗಿನ ಅಂಚು ಸರಿಮಾಡಿಕೊಂಡಳು.

* * *

ಆ ಕೋಲು ಮನೆಗೆ ಬಂದ ಕತೆ ಇಷ್ಟೇ. ಚನ್ನವೀರಪ್ಪ ಹೊಸ ಸೆಟ್ ತರಿಸಿಕೊಂಡಾಗ ಹಳೆಯದರಲ್ಲಿ ಉಳಿದ ಒಂದು ಕೋಲನ್ನು ತಮ್ಮನ ಕಡೆ ಚಾಚಿ, “ತಗೋ, ಕಲಿ. ಕಲಿತ್ರೆ ಕ್ಲಬ್ಬಿಗೆ ಸೇರಿಸ್ತೀನಿ,” ಎಂದಿದ್ದ. ಹಬ್ಬದ ದಿನ ಉಂಡು ಎಲೆಅಡಿಕೆ ಹಾಕಿಕೊಂಡ ಮೇಲೆ ಬಾಯಿಗೆ ಬಂದ ಮಾತು. ಆಡಿದವನು ಕೈ ತೊಳೆಯುವಷ್ಟರಲ್ಲಿ ಮರೆತ. ಕೇಳಿದವನು ಸಾಯುವ ತನಕ ಮರೆಯಲಿಲ್ಲ.

ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಅಂತಾರಲ್ಲ, ಹಾಗಾಯಿತು ಗೋವಿಂದರಾಜನಗರದ ಈ ಬಾಡಿಗೆ ಮನೆಯ ಪಾಡು. ಮಳೆ ಬಂದರೆ ಅಡುಗೆಮನೆ ಸೋರುತ್ತಿತ್ತು, ಯಜಮಾನರು ನಡುಮನೆಯಲ್ಲಿ ಕನ್ನಡಿ ಮುಂದೆ ನಿಂತು ಕೋಲು ಬೀಸುತ್ತಿದ್ದರು. ಒಂದು ಸಲ ಬಲ್ಬು ಒಡೆಯಿತು. ಇನ್ನೊಂದು ಸಲ ದೇವರ ಗೂಡಿನ ಗಾಜು.

ಆಮೇಲೆ ಸೈಟಿನ ಮಾತು ಬಂತು. ನೀಲಗಂಗಮ್ಮ ತವರಿನ ಎರಡೆಳೆ ಸರ ಬಿಚ್ಚಿಕೊಟ್ಟಳು. ಸರ ಅವಳದು, ಸೈಟೂ ಅವಳ ಹೆಸರಿಗೇ ಇರಲಿ ಎಂದು ಗುರುಬಸಪ್ಪ ಅಂದಿದ್ದ. ಅಷ್ಟು ನ್ಯಾಯ ಅವನಲ್ಲಿತ್ತು, ಸುಳ್ಳು ಹೇಳಬಾರದು. ಹೇರೋಹಳ್ಳಿಯಲ್ಲಿ ಮುನಿರಾಮಯ್ಯ ರಾಗಿ ಹೊಲ ಕತ್ತರಿಸಿ ಸೈಟು ಮಾಡಿ ಮಾರುತ್ತಿದ್ದ ಕಾಲ. ರಸ್ತೆ ಪಕ್ಕದಲ್ಲಿ ತಟ್ಟೆ ಇಟ್ಟರೆ ಅಲುಗದಂಥ ಸೈಟುಗಳಿದ್ದವು. ಗುರುಬಸಪ್ಪ ಅವುಗಳ ಕಡೆ ಕಣ್ಣೆತ್ತಿಯೂ ನೋಡದೆ ಹೊಲದ ಕೊನೆಗೆ, ನೆಲ ಕೆರೆಯ ಕಡೆಗೆ ಜಾರುವ ಜಾಗಕ್ಕೆ ನಡೆದು ಹೋದ. ಅಲ್ಲಿ ಒಂದು ಕಾಲು ಮೇಲೆ ಒಂದು ಕಾಲು ಕೆಳಗೆ ಇಟ್ಟು, ಕೈಯಲ್ಲಿ ಏನೂ ಇಲ್ಲದೆಯೇ ಕೋಲು ಹಿಡಿದವನ ಹಾಗೆ ನಿಂತ.

“ಇದೇ ಇರಲಿ,” ಎಂದ.

“ಸ್ವಾಮೇರೇ, ಮಳೆ ಬಂದ್ರೆ ಊರ ನೀರೆಲ್ಲ ಇಲ್ಲೇ ಹರಿಯೋದು. ಮಟ್ಟವಾಗಿರೋದೇ ತಗಳಿ,” ಎಂದು ಮಾರುವವನೇ ಬುದ್ಧಿ ಹೇಳಿದ. ಮಾರುವವನೇ ಬೇಡ ಅಂದ ಮಾಲನ್ನು ಹಟ ಹಿಡಿದು ಕೊಂಡ ಮನುಷ್ಯನನ್ನು ಕಟ್ಟಿಕೊಂಡಿದ್ದಳು ಅವಳು.

ನೀಲಗಂಗಮ್ಮ ಅಲ್ಲಿ ಎರಡು ರೂಮು ಕಟ್ಟುವ ಕನಸು ಕಟ್ಟಿದ್ದಳು. ಕಲ್ಲಿನ ತಡೆಗೋಡೆ ಎಬ್ಬಿಸಿ, ಮಣ್ಣು ತುಂಬಿ, ಮಟ್ಟ ಮಾಡಿ, ಕೆರೆಯ ಕಡೆಗೆ ಕಿಟಕಿ ಇಟ್ಟ ಅಡುಗೆಮನೆ. ಕಿಟಕಿಯ ಕೆಳಗೆ ಹೊಲಿಗೆ ಮಿಷನ್. ಸೋರದ ತಾರಸಿ. ಪ್ರತಿ ವರ್ಷ ಕೇಳುತ್ತಿದ್ದಳು, ಪ್ರತಿ ವರ್ಷ ಅವನು “ಮುಂದಿನ ವರ್ಷ ನೋಡೋಣ ಕಣೇ” ಅನ್ನುತ್ತಿದ್ದ. ಭಾನುವಾರ ಮಾತ್ರ ಮೊದಲ ಬಸ್ಸಿಗೇ ಎದ್ದು, ಚೀಲದಲ್ಲಿ ಹಳೇ ಚೆಂಡು ಹಾಕಿಕೊಂಡು ಹೇರೋಹಳ್ಳಿಗೆ ಹೊರಡುತ್ತಿದ್ದ.

* * *

ಮಧ್ಯಾಹ್ನದ ಹೊತ್ತಿಗೆ ಫಿಯೆಟ್ ಕಾರು ಬಂದು ನಿಂತಿತು. ಚನ್ನವೀರಪ್ಪ ಸ್ನಾನ ಮಾಡಿ, ಬಿಳಿ ಸಫಾರಿ ಹಾಕಿ, ಪಾಲಿಶ್ ಮಾಡಿದ ಶೂ ತೊಟ್ಟು ಬಂದಿದ್ದ. ಜೊತೆಗೆ ಕ್ಲಬ್ಬಿನ ಗೆಳೆಯ ಪುರುಷೋತ್ತಮ. ಇಬ್ಬರ ಮುಖವೂ ಬಿಸಿಲಿಗೆ ಕೆಂಪಗಾಗಿತ್ತು. ಅತ್ತು ಕೆಂಪಗಾಗಿದೆ ಅಂತ ತಿಳಿದವರು ತಿಳಿಯಲಿ.

“ಏನಮ್ಮಾ ನೀಲಗಂಗಾ, ಹಿಂಗಾಗೋಯ್ತಲ್ಲ,” ಎಂದು ಚನ್ನವೀರಪ್ಪ ತಮ್ಮನ ಮುಂದೆ ನಿಂತ. ಒಂದು ಗಳಿಗೆ ಕಣ್ಣುಮುಚ್ಚಿದ. ಕಣ್ಣು ಬಿಟ್ಟವನೇ, “ಯಾಕಿಷ್ಟು ವಾಲಿದೆ? ನೆಟ್ಟಗೆ ಕೂರಿಸೋಕೆ ಬರಲ್ವೇನ್ರಯ್ಯಾ?” ಎಂದು ಗದರಿದ. ನಾಲ್ಕು ಜನ ಮತ್ತೆ ಎದ್ದರು, ಮತ್ತೆ ಎತ್ತಿದರು, ಮತ್ತೆ ಸೋತರು.

ಹೊರಗೆ ಶಾಮಿಯಾನದ ಕೆಳಗೆ ಕುರ್ಚಿ ಹಾಕಿದ್ದರು. ಕಿಟಕಿ ತೆರೆದೇ ಇತ್ತು. ಕಾಫಿ ಬಂದ ಮೇಲೆ ಚನ್ನವೀರಪ್ಪನ ನಾಲಗೆ ಸಡಿಲವಾಯಿತು.

“ಪಾಪ, ಗುರು ಬಹಳ ಮುಗ್ಧ. ಗಾಲ್ಫ್ ಅಂದ್ರೆ ಹುಚ್ಚು. ಒಂದ್ಸಲ ಕ್ಲಬ್ಬಲ್ಲಿ ಫ್ಯಾಮಿಲಿ ಡೇ ಇಟ್ಟಿದ್ರು. ಆಡ್ಲಿ ಪಾಪ ಅಂತ ಕರ್ಕೊಂಡ್ಹೋದೆ. ಪುರುಷೋತ್ತಮ್, ನೀವೂ ಇದ್ರಲ್ಲ?”

“ಇರದೇ ಏನು!” ಪುರುಷೋತ್ತಮ ಕಾಫಿ ಲೋಟ ಕೆಳಗಿಟ್ಟ. “ಬಿಲಿಯರ್ಡ್ಸ್ ಟೇಬಲ್ ತರ ಇರೋ ಜಾಗ ಸಾರ್. ಮಗು ಕೂಡ ಹೊಡೆಯುತ್ತೆ. ಇವರು ಒಂದು ಕಾಲು ಬಗ್ಗಿಸಿ, ಹಿಂಗೆ ಓರೆಯಾಗಿ ನಿಂತ್ರು. ಬೀಸಿದ್ರು ನೋಡಿ! ಚೆಂಡು ಅಲ್ಲೇ ಇದೆ, ಒಂದು ಮೊಳ ಹುಲ್ಲು ಕಿತ್ಕೊಂಡು ನನ್ನ ತಲೆ ಮೇಲೆ ಹೋಯ್ತು.”

“ನೀವೇನಂದ್ರಿ ಆವಾಗ? ಹೇಳಿ, ಹೇಳಿ.”

“ಅಯ್ಯೋ, ಬಿಡಿ ಸಾರ್, ಇವತ್ತು ಬೇಡ.”

“ಹೇಳ್ರೀ, ಅವನೂ ನಕ್ಕಿದ್ದ.”

“‘ಗುದ್ದಲಿ ತರಬೇಕಿತ್ತು, ತೊಗರಿ ಬಿತ್ತಬಹುದಿತ್ತು’ ಅಂದೆ.”

ಶಾಮಿಯಾನದ ಕೆಳಗೆ ನಗು ಎದ್ದಿತು. ಸಾವಿನ ಮನೆ ಅಂತ ನೆನಪಾಗಿ ಒಬ್ಬೊಬ್ಬರೇ ಕೆಮ್ಮಿ ನಿಲ್ಲಿಸಿದರು. ಒಳಗೆ ಹೆಂಗಸರಲ್ಲಿ ಒಬ್ಬಿಬ್ಬರು ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದನ್ನು ನೀಲಗಂಗಮ್ಮ ನೋಡಿದಳು. ನಗ್ರವ್ವಾ, ನಗ್ರಿ. ದುಡ್ಡು ಕೊಡದೆ ನಾಟಕ ಸಿಕ್ಕಿದೆ. ಗಂಡನನ್ನು ಅವಳು ಜೀವಮಾನವೆಲ್ಲ ಬೈದಿದ್ದಳು, ಅದು ಅವಳ ಹಕ್ಕು. ಬಾಡಿಗೆ ಮನೆಯ ಸೋರುವ ಮಾಡಿನ ಕೆಳಗೆ ಪಾತ್ರೆ ಇಟ್ಟವಳು ಅವಳು. ಈ ಮಂದಿ ಯಾವ ಪಾತ್ರೆ ಇಟ್ಟಿದ್ದರು?

ಅದೂ ಅರ್ಧ ಕತೆ. ಉಳಿದರ್ಧವನ್ನು ಭಾವ ಯಾವತ್ತೂ ಯಾರಿಗೂ ಹೇಳಿರಲಿಲ್ಲ.

* * *

ಆ ದಿನ ನೀಲಗಂಗಮ್ಮ, ಶಿವಕ್ಕ ಇಬ್ಬರೂ ಕ್ಲಬ್ಬಿನ ವರಾಂಡದಲ್ಲಿ ಬೆತ್ತದ ಕುರ್ಚಿಯ ಮೇಲೆ ಕೂತಿದ್ದರು. ಗಂಡ ಹುಲ್ಲು ಕಿತ್ತಿದ್ದನ್ನು ಅವಳು ಕಣ್ಣಾರೆ ಕಂಡು, ಭೂಮಿ ಬಾಯಿ ಬಿಡಬಾರದೇ ಎಂದುಕೊಂಡಳು. ಅವನದ್ದೇನು ತಪ್ಪು ಅಂತ ಆಮೇಲೆ ಗೊತ್ತಾಯಿತು. ಹೇರೋಹಳ್ಳಿಯ ಇಳಿಜಾರು ಬಿಟ್ಟು ಬೇರೆ ನೆಲವನ್ನೇ ಕಾಣದ ಕಾಲು, ಮಟ್ಟವಾದ ನೆಲ ಸಿಕ್ಕಿದ ಕೂಡಲೆ ತಾನಾಗಿಯೇ ಒಂದು ಮಂಡಿ ಬಗ್ಗಿಸಿಬಿಟ್ಟಿತ್ತು. ಏಳು ವರ್ಷ ಇಳಿಜಾರಿನಲ್ಲಿ ಕಲಿತವನಿಗೆ ಸಮನೆಲವೇ ಡೊಂಕಾಗಿತ್ತು. ಇಂಥ ಎಡವಟ್ಟು ಅವಳ ಗಂಡನೊಬ್ಬನಿಗೇ ಸಾಧ್ಯ.

ಆಟ ಮುಗಿಯುವ ಹೊತ್ತಿಗೆ ಎಲ್ಲರೂ ವರಾಂಡದ ಕಡೆಗೇ ಬಂದರು. ಚನ್ನವೀರಪ್ಪ ಹೊಡೆದ ಚೆಂಡು ವರಾಂಡದ ಕೆಳಗಿದ್ದ ದಿಬ್ಬದ ಇಳಿಜಾರಿನಲ್ಲಿ ಬಿತ್ತು. ಅವನು ಅಲ್ಲಿ ಕಂಬದ ಹಾಗೆ ನೆಟ್ಟಗೆ ನಿಂತು ಬೀಸಿದ. ಚೆಂಡು ಗೇಣುದ್ದ ಉರುಳಿತು. ಇನ್ನೊಮ್ಮೆ ಬೀಸಿದ. ಕೋಲು ಗಾಳಿಗೆ ಹೋಯಿತು, ಸಾಹೇಬರು ಮುಗ್ಗರಿಸಿದರು.

“ಅಣ್ಣ,” ಎಂದ ಗುರುಬಸಪ್ಪ ಮೆಲ್ಲಗೆ, “ಇಳಿಜಾರಿನ ಜೊತೆ ಜಗಳ ಆಡಬೇಡ. ಎಡಭುಜ ಕೆಳಗೆ ಬಿಡು. ಚೆಂಡು ಬಲಗಾಲಿನ ಕಡೆ ಇರಲಿ. ನೆಲ ಎತ್ತ ಹೋಗುತ್ತೋ ಕೋಲೂ ಅತ್ತ...”

“ನೀನು ನನಗೆ ಹೇಳ್ಕೊಡ್ತೀಯೇನೋ, ಹುಲ್ಲು ಕೀಳೋನು?”

ಗುರುಬಸಪ್ಪ ಒಂದು ಹೆಜ್ಜೆ ಹಿಂದೆ ಸರಿದ. ಚನ್ನವೀರಪ್ಪ ಹಿಂದೆ ನೋಡಿದ, ಮುಂದೆ ನೋಡಿದ. ಗೆಳೆಯರು ಇನ್ನೂ ದೂರದಲ್ಲಿದ್ದರು. ಬಗ್ಗಿದ, ಚೆಂಡನ್ನು ಕೈಯಲ್ಲೇ ಎತ್ತಿದ, ದಿಬ್ಬದ ಕೆಳಗೆ ಮಟ್ಟವಾದ ಹುಲ್ಲಿನ ಮೇಲೆ ಇಟ್ಟ. ಅಲ್ಲಿಂದ ಹೊಡೆದು, “ಹೆಂಗಿದೆ!” ಎಂದು ಕೂಗಿದ. ಬಂದವರು ಚಪ್ಪಾಳೆ ತಟ್ಟಿದರು. ಸಂಜೆ ಒಂದು ಬೆಳ್ಳಿ ಬಣ್ಣದ ಲೋಟವನ್ನೂ ಕೊಟ್ಟರು.

ಬಸ್ಸಿನಲ್ಲಿ ನೀಲಗಂಗಮ್ಮ, “ನಿಮ್ಮಣ್ಣ ಚೆಂಡು ಕೈಲಿ ಎತ್ತಿಟ್ರು, ನೋಡಿದ್ರಾ?” ಎಂದಳು.

“ಹೂಂ.”

“ಹಂಗೆ ಎತ್ತಿಡಬಹುದಾ?”

“ಇಲ್ಲ ಕಣೇ. ಎಲ್ಲಿ ಬಿದ್ದಿರುತ್ತೋ ಅಲ್ಲಿಂದಲೇ ಹೊಡೀಬೇಕು. ಆಟ ಇರೋದೇ ಅಷ್ಟು.”

“ಮತ್ತೆ ಬಾಯಿ ಬಿಟ್ಟು ಹೇಳೋಕೇನಾಗಿತ್ತು ನಿಮಗೆ ಧಾಡಿ?”

“ಅಣ್ಣ ಅಲ್ವೇನೆ,” ಎಂದು ಗುರುಬಸಪ್ಪ ಕಿಟಕಿಯ ಹೊರಗೆ ನೋಡಿದ.

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಅವಳಾದರೂ ಅಂದಳು ಅಷ್ಟೇ, ನೆಲವನ್ನೇನೂ ಬದಲಾಯಿಸಲಿಲ್ಲ. ಆ ಅಣ್ಣನ ಮೇಲೆ ನೀಲಗಂಗಮ್ಮನಿಗೆ ಅವತ್ತು ಹುಟ್ಟಿದ ಅಸಹ್ಯ ಇವತ್ತಿನವರೆಗೂ ಕರಗಿರಲಿಲ್ಲ. ಬಾಯಿ ಮುಚ್ಚಿಕೊಂಡ ತಮ್ಮನ ಮೇಲಂತೂ ಇನ್ನೂ ಹೆಚ್ಚು ಸಿಟ್ಟಿತ್ತು.

* * *

“ಸಮಾಜದ ಅಧ್ಯಕ್ಷರಿಗೆ ಫೋನ್ ಮಾಡಿದೀನಿ,” ಎನ್ನುತ್ತ ಚನ್ನವೀರಪ್ಪ ಒಳಗೆ ಬಂದ. “ನಮ್ಮ ರುದ್ರಭೂಮೀಲಿ ಜಾಗ ಆಗುತ್ತೆ. ಮಟ್ಟಸವಾದ ಜಾಗ, ಕಾರು ಗೇಟಿನ ಒಳಗೇ ಹೋಗುತ್ತೆ. ಯಾರಿಗೂ ತೊಂದರೆ ಇಲ್ಲ.”

ಎಲ್ಲರೂ ತಲೆದೂಗಿದರು. ಅಣ್ಣ ಅಂದರೆ ಹೀಗಿರಬೇಕು ಎಂದು ಯಾರೋ ಅಂದರು. ಚನ್ನವೀರಪ್ಪ ಕುರ್ಚಿ ಎಳೆದುಕೊಂಡು ನೀಲಗಂಗಮ್ಮನ ಎದುರಿಗೆ ಕೂತು ದನಿ ತಗ್ಗಿಸಿದ. ತಗ್ಗಿಸಿದ ದನಿಯೂ ಎಲ್ಲರಿಗೂ ಕೇಳುವ ಹಾಗಿತ್ತು.

“ನೋಡಮ್ಮಾ, ಮಕ್ಕಳಿಲ್ಲ ಮರಿಯಿಲ್ಲ. ನಿನ್ನ ಬೀದೀಲಿ ಬಿಡೋಕಾಗುತ್ತಾ ನಾನು? ಮನೆ ಹಿಂದೆ ಔಟ್‌ಹೌಸ್ ಇದೆ. ಅಲ್ಲೊಂದು ರೂಮ್ ಕೊಡ್ತೀನಿ. ಶಿವಕ್ಕಂಗೂ ಮಂಡಿನೋವು, ಅಡುಗೆಗೆ ಜೊತೆ ಆಗ್ತೀಯ.”

“ಹೂಂ.”

“ಆ ಹೇರೋಹಳ್ಳಿ ಸೈಟಿದೆಯಲ್ಲ, ಅದು ನಿನ್ನ ಕೈಲಿ ಏನಾಗುತ್ತೆ? ನನ್ನ ಹೆಸರಿಗೆ ಮಾಡ್ಕೊಡು. ಲೋಡುಗಟ್ಟಲೆ ಮಣ್ಣು ಹೊಡೆಸಿ ಮಟ್ಟ ಮಾಡಿಸಿಬಿಡ್ತೀನಿ. ಆ ಹಾಳು ಗುಂಡಿ ನೋಡಿದ್ರೆ ನಂಗೆ ಅವನು ತಗೊಂಡ ದಿನದಿಂದಲೂ ಮೈ ಉರಿಯುತ್ತೆ.”

ಮಟ್ಟ. ನೀಲಗಂಗಮ್ಮ ತಾನೇ ವರ್ಷಗಟ್ಟಲೆ ಜಪ ಮಾಡಿದ ಮಾತು ಅದು. ಈ ಬಾಯಿಂದ ಬಂದಾಗ ಅದು ಅವಳದಾಗಿ ಉಳಿಯಲಿಲ್ಲ. ಬಿದ್ದ ಚೆಂಡನ್ನು ಎತ್ತಿ ತನಗೆ ಅನುಕೂಲವಾದ ಕಡೆ ಇಟ್ಟುಕೊಳ್ಳುವ ಬೆರಳುಗಳು, ಕಾಫಿ ಲೋಟ ಹಿಡಿದು ಎದುರಿಗೇ ಕೂತಿದ್ದವು. ತಮ್ಮನನ್ನು ಎತ್ತಿ ಗೇಟಿರುವ ಸ್ಮಶಾನದಲ್ಲಿ ಇಡುತ್ತವೆ. ಅವಳನ್ನು ಎತ್ತಿ ಒಲೆಯ ಮುಂದೆ ಇಡುತ್ತವೆ. ಸೈಟನ್ನು ಎತ್ತಿ ಜೇಬಿನಲ್ಲಿ ಇಡುತ್ತವೆ. ಆಮೇಲೆ ಸುತ್ತಲಿನ ಮಂದಿ ಚಪ್ಪಾಳೆ ತಟ್ಟುತ್ತಾರೆ.

“ಯೋಚನೆ ಮಾಡು, ಅವಸರ ಇಲ್ಲ,” ಎಂದ ಚನ್ನವೀರಪ್ಪ. “ಹನ್ನೊಂದನೇ ದಿನ ಆದ್ಮೇಲೆ ಸಬ್‌ರಿಜಿಸ್ಟ್ರಾರ್ ಆಫೀಸಿಗೆ ಹೋಗ್ಬರೋಣ.”

ಅವಳು ಗಂಡನ ಕಡೆ ನೋಡಿದಳು. ಓರೆಯಾಗಿ ಕೂತೇ ಇದ್ದ.

* * *

ಒಂದೇ ಒಂದು ಸಲ ಅವಳು ಭಾನುವಾರ ಹೇರೋಹಳ್ಳಿಗೆ ಹೋಗಿದ್ದಳು. ಬಯ್ಯುವುದಕ್ಕೆಂದೇ ಹೋಗಿದ್ದಳು, ಬಸ್ಸಿನಲ್ಲಿ ಕೂತು ಬೈಗುಳ ಜೋಡಿಸಿಕೊಂಡೇ ಹೋಗಿದ್ದಳು. ಕಲ್ಲು ಮುಳ್ಳಿನ ಇಳಿಜಾರಿನಲ್ಲಿ ಗಂಡ ಬೆವರಿ ನಿಂತಿದ್ದ.

“ಕೆಲಸ ಇಲ್ಲದ ಬಡಗಿ ಮಗನ ಅಂಡು ಕೆತ್ತಿದ್ನಂತೆ. ನಿಮಗೆ ಮಗನೂ ಇಲ್ಲ, ನೆಲ ಕೆತ್ತುತಾ ಇದೀರ,” ಎಂದಳು.

ಅವನು ನಕ್ಕ. “ಬಾ ಇಲ್ಲಿ. ಒಂದ್ಸಲ ಹಿಡಿದು ನೋಡು.”

“ಥೂ, ಯಾರಾದ್ರೂ ನೋಡಿದ್ರೆ!”

“ದನ ನೋಡ್ತವೆ. ಬಾ.”

ಕೈಗೆ ಕೋಲು ಕೊಟ್ಟ. ಅವಳು ಬಿಗಿದುಕೊಂಡು ನಿಂತಳು, ಕಾಲು ಜಾರಿತು. “ನೆಟ್ಟಗೆ ನಿಲ್ಲೋಕೆ ಹೋಗಬೇಡ, ಅದಕ್ಕೇ ಬೀಳ್ತೀಯ,” ಎಂದ. “ಮೇಲಿರೋ ಕಾಲಿನ ಮಂಡಿ ಬಗ್ಗಿಸು. ಹಾಂ. ಕೆಳಗಿನ ಕಾಲಿನ ಮೇಲೆ ಭಾರ ಹಾಕು. ಭುಜ ನೆಲದ ಜೊತೆ ಇಳೀಲಿ. ನೆಲ ಹೆಂಗಿದೆಯೋ ಹಂಗೇ ನಿಲ್ಲು. ಚೆಂಡು ಎತ್ತೋಕೆ ಹೋಗಬೇಡ, ಅದೇ ಏಳುತ್ತೆ.”

ಬೀಸಿದಳು. ಟಕ್ ಎಂದು ಒಂದು ಸದ್ದು. ಕೈಗೆ ಭಾರವೇ ತಗುಲಲಿಲ್ಲ. ಚೆಂಡು ಮುಳ್ಳುಗಿಡ ದಾಟಿ, ಬದು ದಾಟಿ, ಕೆರೆಯ ಅಂಚಿನ ತನಕ ಹೋಗಿ ಬಿತ್ತು. ಗುರುಬಸಪ್ಪ ಬಾಯಿ ತೆರೆದು ನಿಂತ.

“ಏನೇ ಇದು! ನಂಗೇ ಅಷ್ಟು ದೂರ ಹೋಗಿಲ್ಲ ಕಣೇ!”

ಅವಳಿಗೆ ಸಂತೋಷವಾಗಿತ್ತು, ಬಹಳ ಸಂತೋಷವಾಗಿತ್ತು. ಇನ್ನೊಂದು ಚೆಂಡು ಕೊಡಿ ಅನ್ನಲು ನಾಲಗೆಯ ತುದಿಗೆ ಬಂದಿತ್ತು. ಆದರೆ ಕೋಲನ್ನು ಅವನ ಕೈಗೆ ತುರುಕಿ, “ಸಾಕು ನಿಮ್ಮ ಹುಚ್ಚಾಟ. ಗೋಡೆ ಯಾವಾಗ ಕಟ್ಟಿಸ್ತೀರ, ಅದನ್ನ ಹೇಳಿ,” ಎಂದಳು. ಮತ್ತೆಂದೂ ಆ ಕಡೆ ಹೋಗಲಿಲ್ಲ.

* * *

ಮಠದಿಂದ ಅಯ್ಯನವರು ಬಂದರು. ಹೆಗಲಿಗೆ ಕಾವಿ ಶಲ್ಯ, ಕೈಯಲ್ಲಿ ವಿಭೂತಿಯ ಚೀಲ. ಹೆಣಕ್ಕೆ ಹೂವಿನ ಹಾರ ಬಿತ್ತು, ಎಡಗೈಯಲ್ಲಿ ಲಿಂಗ ಇಟ್ಟರು. ಹೊರಗೆ ಟೆಂಪೋದ ಮೇಲೆ ಬಾಳೆಕಂಬ ಕಟ್ಟಿದ ಮಂಟಪ ಸಿದ್ಧವಾಗಿತ್ತು.

“ಹೊರಡೋಣವೇ?” ಎಂದು ಅಯ್ಯನವರು ಕೇಳಿದರು.

“ಅಯ್ಯನವರೇ,” ನೀಲಗಂಗಮ್ಮ ಮಿಷನ್ ಹಿಡಿದುಕೊಂಡು ಎದ್ದಳು. “ನಮ್ಮ ಸ್ವಂತ ಜಾಗದಲ್ಲೇ ಮಣ್ಣು ಮಾಡಬಹುದಲ್ವಾ?”

“ಮಾಡಬಹುದು ತಾಯಿ. ಸ್ವಂತ ಭೂಮಿ ಇದ್ದರೆ ಅದೇ ಒಳ್ಳೆಯದು.”

“ಹಂಗಾದ್ರೆ ಹೇರೋಹಳ್ಳಿಗೇ ಹೋಗೋಣ. ಸೈಟು ನಂದು.”

ಚನ್ನವೀರಪ್ಪ ಮೊದಲು ನಕ್ಕ. ಅವಳ ಮುಖ ನೋಡಿ ನಗು ನಿಲ್ಲಿಸಿದ.

“ತಲೆ ಕೆಟ್ಟಿದೆಯಾ ನಿಂಗೆ? ಸಮಾಧಿ ಇರೋ ಸೈಟನ್ನ ಯಾರು ಮುಟ್ತಾರೆ? ನಾಳೆ ಮಾರೋಕಾಗಲ್ಲ, ಕಟ್ಟೋಕಾಗಲ್ಲ.”

“ಗೊತ್ತು ಭಾವ.”

“ಮಣ್ಣು ಹಾಕಿ ಮಟ್ಟ ಮಾಡೋಕೂ ಆಗಲ್ಲ ಕಣೇ! ಸಮಾಧಿ ಮೇಲೆ ಯಾವನು ಲೋಡ್ ಹೊಡೀತಾನೆ?”

“ಅದೂ ಗೊತ್ತು.”

ಮುನಿರಾಮಯ್ಯ ಬಾಗಿಲ ಬಳಿಯಿಂದ ಎದ್ದು ಬಂದ. ಅವನ ಮುಖದಲ್ಲಿ ನಿಜವಾದ ಕಾಳಜಿಯಿತ್ತು. “ಅಮ್ಮಾ, ನಮ್ದೇನೂ ಅಡ್ಡಿಯಿಲ್ಲ. ಆದ್ರೆ ನಿಮ್ಗೆ ಇರೋದು ಅದೊಂದೇಯ. ಮನೆ ಕಟ್ತೀನಿ ಅಂತಿದ್ರಿ. ಒಂದ್ಕಿತ ಯೋಚ್ನೆ ಮಾಡಿ.”

ಕೆರೆಯ ಕಡೆಯ ಕಿಟಕಿ ಹೋಯಿತು. ಸೋರದ ತಾರಸಿ ಹೋಯಿತು. ಇನ್ನು ಸಾಯುವ ತನಕ ಇದೇ ಬಾಡಿಗೆ ಮನೆ, ಇದೇ ಮಿಷನ್, ಬೇರೆಯವರ ರವಿಕೆ. ಇದೆಲ್ಲ ಅವಳಿಗೆ ಸ್ಪಷ್ಟವಾಗಿಯೇ ಕಂಡಿತು. ಔಟ್‌ಹೌಸಿನ ಒಲೆಯೂ ಅಷ್ಟೇ ಸ್ಪಷ್ಟವಾಗಿ ಕಂಡಿತು.

“ಯೋಚನೆ ಆಯ್ತು ಮುನಿರಾಮಯ್ಯನೋರೇ. ಅವರು ಕೂತಿದ್ರಲ್ಲ, ಆ ಬಂಡೆ ಪಕ್ಕ. ಅಲ್ಲೇ ಅಗೆಸಿ.”

“ಕಾರು ಹೋಗಲ್ಲ ಅಲ್ಲಿಗೆ!” ಎಂದ ಚನ್ನವೀರಪ್ಪ.

“ನಡ್ಕೊಂಡು ಬನ್ನಿ ಭಾವ. ಇಲ್ಲಾಂದ್ರೆ ಇಲ್ಲೇ ಇರಿ. ಕಾಫಿ ಇನ್ನೂ ಇದೆ.”

ಶಿವಕ್ಕ ಗಂಡನ ಮುಖ ನೋಡುವ ಧೈರ್ಯವಾಗದೆ ಬಿಲ್ವಪತ್ರೆಯ ಬುಟ್ಟಿ ಎತ್ತಿಕೊಂಡು ಎಲ್ಲರಿಗಿಂತ ಮೊದಲು ಹೊರಗೆ ನಡೆದಳು.

* * *

ಬಿಸಿಲು ಇಳಿಯುವ ಹೊತ್ತಿಗೆ ಹೇರೋಹಳ್ಳಿಯ ಇಳಿಜಾರಿನಲ್ಲಿ ಜನ ಸೇರಿದ್ದರು. ಸೇರಿದ್ದರು ಅಂದರೆ ಅರ್ಧ ಜನ ಮೇಲೆ ರಸ್ತೆಯಲ್ಲೇ ನಿಂತರು. ಚಪ್ಪಲಿಗೆ ಮುಳ್ಳು ಚುಚ್ಚುತ್ತದಂತೆ. ಇಳಿದು ಬಂದವರೂ ಕಾಲಿಡಲು ಮಟ್ಟವಾದ ಜಾಗ ಹುಡುಕಿ ಒಬ್ಬರ ಮೇಲೊಬ್ಬರು ಒತ್ತಿಕೊಂಡಿದ್ದರು. ಪುರುಷೋತ್ತಮ ಒಂದು ಕೈಯಲ್ಲಿ ಪ್ಯಾಂಟು ಎತ್ತಿ ಹಿಡಿದು, ಇನ್ನೊಂದು ಕೈಯಲ್ಲಿ ಚನ್ನವೀರಪ್ಪನ ತೋಳು ಹಿಡಿದಿದ್ದ. ಇಂಥ ನೆಲದ ಮೇಲೆ ನಿಲ್ಲಲಾರದವರು ಇಷ್ಟು ವರ್ಷ ಒಬ್ಬನನ್ನು ನೋಡಿ ನಕ್ಕಿದ್ದರು.

ಮುನಿರಾಮಯ್ಯನ ಆಳುಗಳು ಬಂಡೆಯ ಪಕ್ಕದಲ್ಲಿ ಗುಣಿ ತೆಗೆದು, ಅದರ ಗೋಡೆಯಲ್ಲಿ ಪೂರ್ವಕ್ಕೆ ಮುಖವಾಗಿ ಒಂದು ಗೂಡು ಕೊರೆದಿದ್ದರು. ಗುರುಬಸಪ್ಪನನ್ನು ಇಳಿಸಿ ಗೂಡಿನಲ್ಲಿ ಕೂರಿಸಿದರು. ಕೂತವನು ಎಡಕ್ಕೆ ವಾಲಿದ.

“ಕಲ್ಲು ಕೊಡ್ರಯ್ಯಾ,” ಎಂದು ಚನ್ನವೀರಪ್ಪ ಮೇಲಿಂದ ಕೂಗಿದ. “ಎಡಗಡೆ ಕಲ್ಲು ಇಟ್ಟು ನೆಟ್ಟಗೆ ಮಾಡಿ. ಇಲ್ಲಾದ್ರೂ ಸರಿಯಾಗಿ ಕೂರಲಿ.”

ಒಬ್ಬ ಆಳು ಚಪ್ಪಟೆ ಕಲ್ಲೊಂದನ್ನು ಪಕ್ಕೆಗೆ ಒತ್ತಿದ. ಬೆಳಗಿನಿಂದ ಆಗದ ಕೆಲಸ ಈಗ ಆಯಿತು. ಗುರುಬಸಪ್ಪ ನೆಟ್ಟಗೆ ಕೂತ. ಆ ಮುಖ ಯಾರದೋ ಆಗಿ ಕಂಡಿತು ನೀಲಗಂಗಮ್ಮನಿಗೆ.

“ಆ ಕಲ್ಲು ತೆಗೀರಿ,” ಎಂದಳು.

“ನೀಲಗಂಗಾ, ಶಾಸ್ತ್ರ ಅ...”

“ತೆಗೀರಪ್ಪಾ ಅಂದೆ. ಅವರು ನಿಲ್ತಾ ಇದ್ದಿದ್ದೇ ಹಂಗೆ.”

ಆಳು ಅಯ್ಯನವರ ಮುಖ ನೋಡಿದ. ಅಯ್ಯನವರು ವಿಭೂತಿಯ ಚೀಲ ಬಿಚ್ಚುತ್ತ ತಲೆಯಾಡಿಸಿದರು. ಕಲ್ಲು ಹೊರಗೆ ಬಂತು. ಗುರುಬಸಪ್ಪ ನಿಧಾನವಾಗಿ ತನ್ನ ಓರೆಗೆ ಮರಳಿದ. ಎಡಭುಜ ಕೆಳಗೆ, ಬಲಭುಜ ಮೇಲೆ. ಅವನ ತಲೆಯ ಮೇಲೆ ಗುಣಿಯ ಅಂಚಿನ ಹುಲ್ಲು ಕೆರೆಯ ಕಡೆಗೆ ಇಳಿದಿತ್ತು, ಭುಜಗಳೂ ಅದೇ ಓರೆಯಲ್ಲಿ ಇಳಿದಿದ್ದವು. ಮುನಿರಾಮಯ್ಯ ಬಗ್ಗಿ ನೋಡಿ, “ಈಗ ಸರಿಯಾಯ್ತು,” ಎಂದ.

ವಿಭೂತಿ ಸುರಿದರು, ಬಿಲ್ವಪತ್ರೆ ಸುರಿದರು, ಉಪ್ಪು ಸುರಿದರು. ಮೊದಲ ಹಿಡಿ ಮಣ್ಣು ಹಿರಿಯಣ್ಣನದು. ಚನ್ನವೀರಪ್ಪ ಎರಡೂ ಕೈಯಲ್ಲಿ ಮಣ್ಣು ತುಂಬಿಕೊಂಡು ಗುಣಿಯ ಅಂಚಿಗೆ ಬಂದ. ಎದೆಯುಬ್ಬಿಸಿ ನೆಟ್ಟಗೆ ನಿಂತ. ಕೈ ಎತ್ತಿದ ಕೂಡಲೆ ಪಾಲಿಶ್ ಶೂ ಜಾರಿತು. ಪುರುಷೋತ್ತಮನ ಅಂಗಿ ಹಿಡಿದ, ಅಂಗಿಯ ಜೊತೆ ಪುರುಷೋತ್ತಮನೂ ಬಂದ, ಇಬ್ಬರೂ ಮುಳ್ಳುಹುಲ್ಲಿನ ಮೇಲೆ ಕುಕ್ಕರಿಸಿದರು. ಅಣ್ಣನ ಮಣ್ಣು ಅಣ್ಣನ ಸಫಾರಿಯ ಮೇಲೇ ಬಿತ್ತು. ಯಾರೂ ನಗಲಿಲ್ಲ. ಮುನಿರಾಮಯ್ಯ ಮಾತ್ರ ಕೆರೆಯ ಕಡೆ ಮುಖ ತಿರುಗಿಸಿಕೊಂಡ.

“ಅಮ್ಮಾ, ನೀವು ಬನ್ನಿ. ಹುಷಾರು, ಕೈ ಹಿಡ್ಕೊಳ್ಲಾ?” ಎಂದು ಆಳು ಕೇಳಿದ.

“ಬೇಡ.”

ನೀಲಗಂಗಮ್ಮ ಸೆರಗು ಸಿಕ್ಕಿಸಿ, ಚಪ್ಪಲಿ ಬಿಟ್ಟು ಅಂಚಿಗೆ ಬಂದಳು. ಬಗ್ಗಿ ಹಿಡಿ ಮಣ್ಣು ತೆಗೆದುಕೊಂಡಳು. ಮೇಲಿನ ಕಾಲಿನ ಮಂಡಿ ಬಗ್ಗಿಸಿದಳು, ಕೆಳಗಿನ ಕಾಲಿನ ಮೇಲೆ ಭಾರ ಹಾಕಿದಳು, ಎಡಭುಜವನ್ನು ನೆಲದ ಜೊತೆ ಇಳಿಯಲು ಬಿಟ್ಟಳು. ಗುಣಿಯ ಒಳಗೂ ಹೊರಗೂ ಗಂಡ ಹೆಂಡತಿ ಒಂದೇ ಓರೆಯಲ್ಲಿದ್ದರು. ಕೈ ಬೀಸಿದಳು. ಮಣ್ಣು ನೇರವಾಗಿ ಅವನ ಮಡಿಲಿಗೆ ಬಿತ್ತು.